ಹಳ್ಳಿಯ ಹಾಡು ಉಳಿಯುವುದು ಹೇಗೆ? ರಾಮನಗರ ಸೀಮೆಯಲ್ಲಿ ಒಂದು ಸುತ್ತು

ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹೊರಟರೆ ಬೆಂಗಳೂರಿನಿಂದ ಮೈಸೂರಿಗೆ ಬೇಗ ತಲುಪಬಹುದು. ಆದರೆ ಆ ದಾರಿ ರಾಮನಗರದ ಪೇಟೆಯನ್ನೂ ಚನ್ನಪಟ್ಟಣದ ಬೊಂಬೆ ಅಂಗಡಿಗಳನ್ನೂ ಬದಿಗೆ ಬಿಟ್ಟು ಓಡುತ್ತದೆ. ಮೊಮ್ಮಕ್ಕಳನ್ನು ಕರೆದುಕೊಂಡು ಹೊರಡುವ ತಾತ-ಅಜ್ಜಿಯರು ದಯವಿಟ್ಟು ಹಳೆಯ ರಸ್ತೆಯನ್ನೇ ಹಿಡಿಯಿರಿ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಮುಂದೆ ಹೋದರೆ ಎರಡೂ ಕಡೆ ಬಂಡೆಗಳ ಬೆಟ್ಟಗಳು ಏಳುತ್ತವೆ. ಇಲ್ಲಿಯ ರಾಮದೇವರ ಬೆಟ್ಟದ ಬಂಡೆಗಳ ನಡುವೆಯೇ 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರವನ್ನು ತೆಗೆದದ್ದು. ಆ ಕಥೆಯನ್ನು ತಾತಂದಿರು ದಾರಿಯಲ್ಲೇ ಹೇಳಿ ಮುಗಿಸಲಿ. ನಾವು ಇವತ್ತು ಹುಡುಕಿಕೊಂಡು ಹೊರಟಿರುವುದು ಬೇರೆಯದನ್ನು: ಹಳ್ಳಿಯವರ ಹಾಡನ್ನು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಒಂದು ಜಿಲ್ಲೆ ಮಾಡಿದರು. ರಾಗಿ, ರೇಷ್ಮೆ, ಬಂಡೆ, ಬೊಂಬೆ ಎಂದರೆ ಈ ಸೀಮೆ ನೆನಪಾಗುತ್ತದೆ. ಇಷ್ಟರ ಜೊತೆಗೆ ಹಾಡನ್ನೂ ಸೇರಿಸಿಕೊಳ್ಳಬೇಕು.

ರಾಮನಗರದ ಪೇಟೆ ದಾಟಿ ಚನ್ನಪಟ್ಟಣದ ಕಡೆಗೆ ಸ್ವಲ್ಪ ದೂರ ಹೋದರೆ ರಸ್ತೆಯ ಪಕ್ಕದಲ್ಲೇ ಜಾನಪದ ಲೋಕ ಸಿಗುತ್ತದೆ. ಇದನ್ನು ಕಟ್ಟಿದವರು ಎಚ್.ಎಲ್. ನಾಗೇಗೌಡರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿ, ಓದಿ, ಜಿಲ್ಲಾಧಿಕಾರಿಯಾದವರು. ಅಧಿಕಾರಿಗಳು ಹಳ್ಳಿಗೆ ಹೋದರೆ ಸಾಮಾನ್ಯವಾಗಿ ಕಂದಾಯದ ಲೆಕ್ಕ ಕೇಳುತ್ತಾರೆ. ಇವರು ಹಾಡು ಕೇಳುತ್ತಿದ್ದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಶುರುಮಾಡಿದರು. 1994ರಲ್ಲಿ ಇಲ್ಲಿಯ 15 ಎಕರೆ ಜಾಗದಲ್ಲಿ ಜಾನಪದ ಲೋಕ ಬಾಗಿಲು ತೆರೆಯಿತು. 2005ರಲ್ಲಿ ಅವರು ತೀರಿಕೊಂಡರು. ಅವರು ಕೂಡಿಟ್ಟದ್ದು ಮಾತ್ರ ಹಾಗೇ ಇದೆ.

ಲೋಕಮಾತಾ ಮಂದಿರದಲ್ಲಿ ಮನೆಯ ಹೆಂಗಸರು ಬಳಸುತ್ತಿದ್ದ ಸಾಮಾನುಗಳಿವೆ. ಅಲ್ಲಿ ಅಜ್ಜಿಯಂದಿರು ಮೊಮ್ಮಕ್ಕಳಿಗೆ ಗೈಡು ಆಗಿಬಿಡುತ್ತಾರೆ. ಮೊರ ಯಾವುದಕ್ಕೆ, ಒನಕೆ ಯಾವುದಕ್ಕೆ, ಸೇರು-ಪಾವು ಅಂದರೆ ಎಷ್ಟು ಎಂದು ಹೇಳಲು ಅವರಿಗೆ ಫಲಕ ಓದಬೇಕಾಗಿಲ್ಲ. ಲೋಕಮಹಲಿನಲ್ಲಿ ವೇಷಗಳು, ತೊಗಲು ಗೊಂಬೆಗಳು, ವಾದ್ಯಗಳು ಇವೆ. ಹಳ್ಳಿಯ ಹಾಡುಗಾರರ ಧ್ವನಿಮುದ್ರಿಕೆಗಳನ್ನೂ ಜಾನಪದ ಲೋಕ ಕೂಡಿಟ್ಟಿದೆ.

ನಾಗೇಗೌಡರ ಪುಸ್ತಕಗಳಲ್ಲಿ ಒಂದರ ಹೆಸರು ‘ಸೋಬಾನೆ ಚಿಕ್ಕಮ್ಮನ ಪದಗಳು’. ಮದುವೆ, ಒಸಗೆಗಳಲ್ಲಿ ಸೋಬಾನೆ ಹೇಳುತ್ತಿದ್ದ ಒಬ್ಬ ಹೆಂಗಸಿನ ಹೆಸರು ಪುಸ್ತಕದ ಮೇಲೆ ದಪ್ಪಕ್ಷರದಲ್ಲಿ ಬಂತು. ಇದು ಸಣ್ಣ ಸಂಗತಿ ಏನಲ್ಲ. ಜನಪದ ಗೀತೆ ಎಂದೊಡನೆ ‘ಬರೆದವರು ಯಾರೋ ಗೊತ್ತಿಲ್ಲ’ ಎಂದು ಹೇಳಿ ನಾವು ಮುಂದೆ ಹೋಗುತ್ತೇವೆ. ಬರೆದವರು ಗೊತ್ತಿಲ್ಲದಿರಬಹುದು, ಹಾಡಿದವರು ಎದುರಿಗೇ ಕೂತಿದ್ದರಲ್ಲ!

ಪುಸ್ತಕದಲ್ಲಿ ಪದ ಉಳಿಯುತ್ತದೆ. ದನಿ ಉಳಿಯಬೇಕಾದರೆ ಏನು ಮಾಡಬೇಕು? ಅದಕ್ಕೆ ಉತ್ತರ ಹುಡುಕಲು ಚನ್ನಪಟ್ಟಣಕ್ಕೆ ಹೋಗೋಣ. ಹತ್ತಿರದಲ್ಲೇ ಇದೆ.

ಚನ್ನಪಟ್ಟಣದ ಬೊಂಬೆ ಮಾಡುವುದನ್ನು ಮಕ್ಕಳು ನೋಡಲೇಬೇಕು. ಆಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಗಿರಗಿರನೆ ತಿರುಗಿಸುತ್ತಾರೆ. ಉಳಿ ಹಿಡಿದು ಆಕಾರ ಕೊಡುತ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ತಾಳೆಗರಿಯಿಂದ ತಿಕ್ಕಿದರೆ ಕನ್ನಡಿಯಂಥ ಹೊಳಪು. ಅರಗು ಎಂದರೆ ಮರದ ಕೊಂಬೆಗಳ ಮೇಲೆ ಬದುಕುವ ಅರಗಿನ ಹುಳುಗಳು ಸ್ರವಿಸುವ ಅಂಟು.

ಈಗ ಒಂದು ಒಗಟು. ಬೊಂಬೆಗೆ ಬಣ್ಣ ಕೊಡುವ ಈ ಅರಗಿಗೂ ಹಾಡಿಗೂ ಏನು ಸಂಬಂಧ? ನಿಮ್ಮ ತಾತನ ಮನೆಯಲ್ಲೋ ಸಂತೆಯಲ್ಲೋ ಗ್ರಾಮಫೋನಿನ ಕಪ್ಪು ತಟ್ಟೆ ನೋಡಿದ್ದೀರಾ? ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಆ ಹಳೆಯ ತಟ್ಟೆಗಳನ್ನು ಮಾಡುತ್ತಿದ್ದದ್ದು ಇದೇ ಅರಗಿಗೆ ಕಲ್ಲಿನ ಪುಡಿ ಮುಂತಾದವನ್ನು ಬೆರೆಸಿ! ಕೈಜಾರಿ ಬಿದ್ದರೆ ಹಪ್ಪಳದ ಹಾಗೆ ಒಡೆಯುತ್ತಿತ್ತು. 1950ರ ದಶಕದ ನಂತರ ಮೆಲ್ಲಮೆಲ್ಲನೆ ಪ್ಲಾಸ್ಟಿಕ್ ಜಾತಿಯ ತಟ್ಟೆಗಳು ಅದರ ಜಾಗಕ್ಕೆ ಬಂದವು. ಅಲ್ಲಿಯವರೆಗೆ ಪ್ರಪಂಚದ ಎಷ್ಟೋ ಹಾಡುಗಾರರ ದನಿ ಹುಳುವಿನ ಅರಗಿನ ಮೇಲೆ ಕೂತಿತ್ತು.

ಚನ್ನಪಟ್ಟಣ ಹಾಡಿಗೆ ಇನ್ನೊಂದು ಕೊಡುಗೆ ಕೊಟ್ಟಿದೆ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿ ಈ ಸೀಮೆಯಲ್ಲಿ ಸಂಚರಿಸಿದ. ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿಯನ್ನು ಇಲ್ಲಿ ಎಳೆಯುತ್ತಿದ್ದರೆಂದೂ, ಅದು ದೂರದೂರದ ಪ್ರಾಂತ್ಯಗಳಿಗೆ ಹೋಗುತ್ತಿತ್ತೆಂದೂ ಬರೆದಿಟ್ಟ. ಎಲ್ಲೆಲ್ಲಿಯ ವಾದ್ಯಗಳು ಚನ್ನಪಟ್ಟಣದ ತಂತಿಯಿಂದ ನುಡಿದವೋ!

ಆ ಅರಗಿನ ತಟ್ಟೆಯ ಮೇಲೆ ನಮ್ಮ ದೇಶದಲ್ಲಿ ಮೊದಮೊದಲು ದನಿ ಕೂರಿಸಿದವರಲ್ಲಿ ಗೌಹರ್ ಜಾನ್ ಹೆಸರು ದೊಡ್ಡದು. 1902ರಲ್ಲಿ ಕಲ್ಕತ್ತದಲ್ಲಿ ಅವರು ದೊಡ್ಡ ಕಹಳೆಯಂಥ ಕೊಳವೆಯ ಮುಂದೆ ನಿಂತು ಹಾಡಿದರು. ಒಂದು ಮಗ್ಗುಲಿಗೆ ಸುಮಾರು 3 ನಿಮಿಷ ಮಾತ್ರ. ಹಾಡು ಮುಗಿದ ಕೂಡಲೇ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಿದ್ದರು. ಜಂಬಕ್ಕಾಗಿ ಹೇಳಿದ್ದಲ್ಲ. ತಟ್ಟೆ ಅಚ್ಚಾಗುತ್ತಿದ್ದದ್ದು ದೂರದ ಜರ್ಮನಿಯಲ್ಲಿ. ಅಲ್ಲಿಯ ಕೆಲಸಗಾರರಿಗೆ ಹಾಡಿದ್ದು ಯಾರೆಂದು ತಿಳಿಯಬೇಕಲ್ಲ! ಗೌಹರ್ ಜಾನ್ ಕೊನೆಗಾಲಕ್ಕೆ ನಮ್ಮ ಮೈಸೂರಿಗೇ ಬಂದರು, ಅರಮನೆಯ ಸಂಗೀತಗಾರರಾದರು, 1930ರಲ್ಲಿ ಅಲ್ಲೇ ತೀರಿಕೊಂಡರು. ಹೆಸರು ಹೇಳುವ ಆ ದನಿಯನ್ನು ಇವತ್ತಿಗೂ ಕೇಳಬಹುದು.

ಅಮೆರಿಕದಲ್ಲೂ ಇಂಥದೇ ಒಂದು ಕಥೆ ನಡೆಯಿತು. ಅಲ್ಲಿ ಹಳ್ಳಿಯ ಕಡೆಯ ಹಾಡಿಗೆ ‘ಕಂಟ್ರಿ ಮ್ಯೂಸಿಕ್’ ಎನ್ನುತ್ತಾರೆ. 1927ರ ಬೇಸಿಗೆಯಲ್ಲಿ ರಾಲ್ಫ್ ಪಿಯರ್ ಎಂಬಾತ ಬ್ರಿಸ್ಟಲ್ ಎಂಬ ಸಣ್ಣ ಊರಿಗೆ ಯಂತ್ರ ಹೊತ್ತು ಬಂದು, ಟೋಪಿ ಕಂಪನಿಯೊಂದರ ಹಳೆಯ ಕಟ್ಟಡದಲ್ಲಿ ಬೀಡುಬಿಟ್ಟ. ಸುತ್ತಲಿನ ಹಾಡುಗಾರರು ಬಂದು ಹಾಡಿದರು. ಆಗಸ್ಟ್ 4ರಂದು ಹಾಡಿದವನು ಜಿಮ್ಮಿ ರಾಜರ್ಸ್. ರೈಲಿನಲ್ಲಿ ಬ್ರೇಕ್ ಹಾಕುವ ಕೆಲಸ ಮಾಡಿದ್ದವನು, ಕ್ಷಯರೋಗಿ. ಆಮೇಲೆ ಆರು ವರ್ಷವೂ ಬದುಕಲಿಲ್ಲ. ಅಷ್ಟರಲ್ಲೇ ನೂರಕ್ಕೂ ಹೆಚ್ಚು ಹಾಡು ಮುದ್ರಿಸಿದ. 1933ರ ಮೇ ತಿಂಗಳಲ್ಲಿ ಕೊನೆಯ ಸಲ ಹಾಡಲು ನ್ಯೂಯಾರ್ಕಿಗೆ ಹೋದಾಗ ಅವನಿಗಾಗಿ ಸ್ಟುಡಿಯೋದಲ್ಲೇ ಮಂಚ ಹಾಕಿದ್ದರು. ಹಾಡಿ, ಮಲಗಿ, ಎದ್ದು ಮತ್ತೆ ಹಾಡಿದ. ಅದಾದ ಎರಡೇ ದಿನಕ್ಕೆ ತೀರಿಹೋದ. ಆಗ ಅವನಿಗೆ 35 ವರ್ಷ.

ಅವನ ತಟ್ಟೆಗಳು ಕಡಲು ದಾಟಿ ಆಫ್ರಿಕಾದ ಕೀನ್ಯಾವರೆಗೂ ಹೋದವು. ಅಲ್ಲಿಯ ಕಿಪ್ಸಿಗಿಸ್ ಜನ ರಾಜರ್ಸ್ ಹೆಸರನ್ನು ತಮ್ಮ ಬಾಯಿಗೆ ಬಂದಂತೆ ‘ಚೆಮಿರೋಚ’ ಮಾಡಿಕೊಂಡು, ಅರ್ಧ ಮನುಷ್ಯ ಅರ್ಧ ಜಿಂಕೆಯಂಥ ಪ್ರಾಣಿಯೆಂದು ಕಲ್ಪಿಸಿಕೊಂಡು, ಅವನ ಮೇಲೆ ತಮ್ಮದೇ ಹಾಡು ಕಟ್ಟಿದರು! 1950ರಲ್ಲಿ ಹ್ಯೂ ಟ್ರೇಸಿ ಎಂಬಾತ ಆ ಹಾಡನ್ನೂ ಮುದ್ರಿಸಿಕೊಂಡ.

ನಮ್ಮ ಸೀಮೆಯ ಹಾಡುಗಾರರು ಊರಿನ ಹೆಸರನ್ನೇ ಮುಂದಿಟ್ಟುಕೊಂಡು ಹಾಡಿದವರು. ರಾಮನಗರ ತಾಲ್ಲೂಕಿನ ಬಾನಂದೂರಿನ ಬಾನಂದೂರು ಕೆಂಪಯ್ಯ, ಚನ್ನಪಟ್ಟಣದ ಪಕ್ಕದ ಅಪ್ಪಗೆರೆಯ ಅಪ್ಪಗೆರೆ ತಿಮ್ಮರಾಜು. ವೇದಿಕೆಯ ಮೇಲೆ, ಕ್ಯಾಸೆಟ್ಟಿನಲ್ಲಿ ಇಂಥವರ ದನಿ ಹೋದಲ್ಲೆಲ್ಲ ಊರಿನ ಹೆಸರೂ ಹೋಯಿತು.

ಮುಂದಿನ ದಾರಿ ಕನಕಪುರಕ್ಕೆ. ಈ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿ ನದಿ ಕಾವೇರಿಯನ್ನು ಸೇರುತ್ತದೆ. ಶಿವರಾತ್ರಿಯ ಹೊತ್ತಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ಭಕ್ತರು ಇಲ್ಲೇ ಕಾವೇರಿ ದಾಟಿ ಕಾಡುದಾರಿ ಹಿಡಿಯುತ್ತಾರೆ. ಮಾದಪ್ಪನ ಕಥೆಯನ್ನು ಕಂಸಾಳೆಯವರು ಕಂಚಿನ ತಾಳ ಬಡಿಯುತ್ತಾ ಹಾಡುತ್ತಾರೆ. ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ತಂಬೂರಿ ಮೀಟುತ್ತಾ ಹಾಡುತ್ತಾರೆ. ಒಂದೊಂದು ಕಥೆಗೂ ಇಡೀ ರಾತ್ರಿ ಬೇಕು. 3 ನಿಮಿಷದ ತಟ್ಟೆಯಲ್ಲಿ ಇದು ಹಿಡಿಸುವುದೆಲ್ಲಿ? ಗ್ರಾಮಫೋನಿನ ಕಾಲದಲ್ಲಿ ಹಾಡೇ ಯಂತ್ರಕ್ಕೆ ತಕ್ಕಂತೆ ಚಿಕ್ಕದಾಗಬೇಕಿತ್ತು. ಟೇಪು ಬಂದಮೇಲೆ ಉದ್ದದ ಹಾಡುಗಳಿಗೂ ಜಾಗ ಸಿಕ್ಕಿತು. ಈಗ ನಿಮ್ಮ ಮನೆಯ ಫೋನಿನಲ್ಲಿ ಒಂದಿಡೀ ರಾತ್ರಿಯ ಹಾಡನ್ನು ತುಂಬಬಹುದು.

ಯಂತ್ರದ ತೊಂದರೆ ಹೀಗೆ ಹೋಯಿತು. ಆದರೆ ಬೇರೆ ತೊಂದರೆ ಉಳಿದಿದೆ. ಹಳ್ಳಿಯ ಹಾಡುಗಳು ಹೆಚ್ಚಾಗಿ ಕೆಲಸದ ಜೊತೆ ಹುಟ್ಟಿದವು. ರಾಗಿ ಬೀಸುವಾಗ ಒಂದು ಪದ, ನಾಟಿ ಹಾಕುವಾಗ ಒಂದು ಪದ, ತೊಟ್ಟಿಲು ತೂಗುವಾಗ ಒಂದು ಪದ. ಬೀಸುವ ಕಲ್ಲು ತಿರುಗಿದ ಹಾಗೆ ಹಾಡು ತಿರುಗುತ್ತಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂತು. ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಬೀಸುವ ಕಲ್ಲು ಮೂಲೆ ಸೇರಿದಾಗ ಅದರ ಪದವೂ ಮೂಲೆ ಸೇರಿತು. ಈಗ ಅದು ಇರುವುದು ಕೆಲವು ಅಜ್ಜಿಯಂದಿರ ನೆನಪಿನಲ್ಲಿ ಮಾತ್ರ.

ಕೊನೆಗೆ ಮಾಗಡಿ. ಒಂದೇ ಬಂಡೆಯಂತೆ ನಿಂತ ಸಾವನದುರ್ಗ, ಕೆಂಪೇಗೌಡರ ಕೋಟೆ, ರಂಗನಾಥಸ್ವಾಮಿ ದೇವಸ್ಥಾನ ಎಲ್ಲವನ್ನೂ ನೋಡಿಕೊಂಡು ಈ ತಾಲ್ಲೂಕಿನ ಕೆಂಪಾಪುರಕ್ಕೂ ಹೋಗಿಬನ್ನಿ. ಅಲ್ಲಿಯ ಹಳೆಯ ಕಲ್ಲುಮಂಟಪವೊಂದು ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿ ಎಂದು 2015ರಲ್ಲಿ ಗುರುತಾಯಿತು. ಊರವರು ಅದನ್ನು ದಿನವೂ ನೋಡುತ್ತಿದ್ದರು. ಅಲ್ಲಿಯ ಶಾಸನದಲ್ಲಿ ಹೆಸರಿತ್ತು. ಯಾರೋ ಅಕ್ಷರ ಕೂಡಿಸಿ ಓದಿದರು, ಅಷ್ಟೇ. ಹೆಸರು ಕೆತ್ತದೇ ಇದ್ದಿದ್ದರೆ ಅದು ಇವತ್ತಿಗೂ ಯಾರದೋ ಮಂಟಪವಾಗಿ ಇರುತ್ತಿತ್ತು.

ಹಾಡಿಗೂ ಇದೇ ಮಾತು. ಎಷ್ಟೋ ಮನೆಗಳಲ್ಲಿ ಹಳೆಯ ಕ್ಯಾಸೆಟ್ಟುಗಳಿವೆ. ಹಾಕಿದರೆ ಯಾರೋ ಹಾಡುತ್ತಾರೆ. ಯಾರು, ಯಾವ ಊರು, ಯಾವ ಮದುವೆ ಎಂದು ಹೇಳುವವರಿಲ್ಲ. ದನಿ ಸಿಕ್ಕಿತು, ಮನುಷ್ಯರು ಕಳೆದುಹೋದರು.

ಮಕ್ಕಳೇ, ಈ ರಜೆಯಲ್ಲಿ ನೀವು ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಅಜ್ಜಿಯನ್ನೋ ತಾತನನ್ನೋ ಅಕ್ಕಪಕ್ಕದ ಹಿರಿಯರನ್ನೋ ಕೇಳಿ, ಅವರು ಒಪ್ಪಿದರೆ ಫೋನಿನಲ್ಲಿ ಅವರ ಹಾಡು ಮುದ್ರಿಸಿಕೊಳ್ಳಿ. ಟಿ.ವಿ., ಫ್ಯಾನು ಆರಿಸಿ. ನಡುವೆ ಕರೆ ಬರದಂತೆ ನೋಡಿಕೊಳ್ಳಿ. ಫೋನನ್ನು ಅವರ ಹತ್ತಿರವೇ ಅಲುಗಾಡದಂತೆ ಇಡಿ. ಹಾಡಿನ ಮಧ್ಯೆ ಮಾತಾಡಬೇಡಿ, ಮರೆತರೆ ನೆನಪಾಗುವವರೆಗೆ ಕಾಯಿರಿ. ಹಾಡು ಮುಗಿದ ಮೇಲೆ, ಗೌಹರ್ ಜಾನ್ ಮಾಡಿದ ಹಾಗೆ, ಅವರ ಬಾಯಲ್ಲೇ ಹೆಸರು ಹೇಳಿಸಿ. ಊರು, ತಾರೀಕು, ಈ ಹಾಡನ್ನು ಯಾರಿಂದ ಕಲಿತರು, ಯಾವ ಕೆಲಸ ಮಾಡುವಾಗ ಹಾಡುತ್ತಿದ್ದರು ಎಂಬುದೂ ಇರಲಿ. ಫೋನು ಕೆಟ್ಟರೆ ಎಲ್ಲವೂ ಹೋಗುತ್ತದೆ, ಆದ್ದರಿಂದ ಇನ್ನೊಂದು ಕಡೆ ಪ್ರತಿ ಮಾಡಿಡಿ. ಅವರನ್ನು ಕೇಳದೆ ಎಲ್ಲರಿಗೂ ಕಳಿಸಬೇಡಿ, ಅದು ಅವರ ದನಿ.

ತಾತ-ಅಜ್ಜಿಯರಲ್ಲೂ ಒಂದು ಬಿನ್ನಹ. ‘ನನಗೇನು ಬರುತ್ತೆ ಬಿಡು, ಗಂಟಲು ಹೋಗಿದೆ, ಅರ್ಧ ಮರೆತಿದೀನಿ’ ಎಂದು ಮೊಮ್ಮಕ್ಕಳನ್ನು ವಾಪಸು ಕಳಿಸಬೇಡಿ. ಜಿಮ್ಮಿ ರಾಜರ್ಸ್ ಮಂಚದಿಂದ ಎದ್ದು ಬಂದು ಹಾಡಿದ. ನೀವು ಮನೆಯ ಜಗುಲಿಯ ಮೇಲೆ ಕೂತು, ಮಗು ಎದುರಿಗೆ ಫೋನು ಇಟ್ಟುಕೊಂಡಾಗ ನೆನಪಿದ್ದಷ್ಟು ಹೇಳಿದರೆ ಸಾಕು. ಎರಡು ಸಾಲೇ ಆಗಲಿ. ನಾಳೆ ಅದನ್ನು ಕೇಳುವವರಿಗೆ ನಿಮ್ಮ ಕೆಮ್ಮೂ ಬೇಕಾಗುತ್ತದೆ.