ಹಡಗು ಹತ್ತುವ ಮುನ್ನ ಅಕ್ಕನ ಪೆಟ್ಟಿಗೆ

ಹಡಗಿನ ಪ್ರವಾಸವೆಂದರೆ ಸಿನಿಮಾದವರಿಗೆ, ದೊಡ್ಡ ಶ್ರೀಮಂತರಿಗೆ ಎಂದು ನಮ್ಮಲ್ಲಿ ಅನೇಕರು ಈಗಲೂ ತಿಳಿದಿದ್ದಾರೆ. ಹಾಗೇನೂ ಇಲ್ಲ. 2021ರ ಸೆಪ್ಟೆಂಬರಿನಲ್ಲಿ ಮುಂಬೈ ಬಂದರಿನಿಂದ ಕಾರ್ಡೀಲಿಯಾದವರ ‘ಎಂಪ್ರೆಸ್’ ಹಡಗು ಓಡಾಡತೊಡಗಿದ ಮೇಲೆ ನಮ್ಮಂಥ ಸಂಸಾರಸ್ಥರೂ ಗೋವಾ, ಲಕ್ಷದ್ವೀಪ ಎಂದು ಹೋಗಿ ಬರುತ್ತಿದ್ದಾರೆ. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ, ಸುಮಾರು 1,800 ಜನ ಹಿಡಿಸುವ ಹಡಗು ಅದು. ಅಬ್ಬಿಗೇರಿಯ ಎಷ್ಟೋ ಓಣಿಗಳನ್ನು ಎತ್ತಿ ನೀರ ಮೇಲೆ ಇಟ್ಟಂತೆ! ಟಿಕೇಟಿನ ಕೆಲಸ ಮಕ್ಕಳು ಮೊಬೈಲಿನಲ್ಲೇ ಮುಗಿಸುತ್ತಾರೆ. ಆದರೆ ಪೆಟ್ಟಿಗೆ ತುಂಬುವವರು ನಾವೇ ಅಲ್ಲವೆ? ಅದಕ್ಕೇ ಈ ನಾಲ್ಕು ಮಾತು.

ನಾನು ಹೋದದ್ದು ನನ್ನ ಅಕ್ಕನ ಜೊತೆ. ಮುಂಬೈಯಲ್ಲಿರುವ ಅವಳ ಮಗ ನಮ್ಮಿಬ್ಬರಿಗೂ ಗೋವಾಕ್ಕೆ ಹೋಗಿ ಮರಳುವ ಟಿಕೇಟು ಮಾಡಿಸಿದ್ದ. ಅಕ್ಕನನ್ನು ಕೊಟ್ಟದ್ದು ಮಲಪ್ರಭೆಯ ದಂಡೆಯ ಹೊಳೆಆಲೂರಿಗೆ. 2009ರ ಸೆಪ್ಟೆಂಬರಿನ ಕೊನೆಗೆ ಹೊಳೆ ಉಕ್ಕಿ ಬಂದಾಗ ಅವಳ ಮನೆಯೊಳಗೆ ಎದೆಮಟ ನೀರು ನಿಂತಿತ್ತು. ಹೊಲದ ಉತಾರ, ಮದುವೆಯ ಫೋಟೋ, ಮಗನ ಮಾರ್ಕ್ಸ್ ಕಾರ್ಡು ಎಲ್ಲ ನೆನೆದು ಮುದ್ದೆಯಾದವು. ಅಂದಿನಿಂದ ಅವಳಿಗೆ ನೀರಿನ ಸಪ್ಪಳವೆಂದರೆ ಆಗದು. “ಹೊಳಿ ನೋಡೇ ಸಾಕಾಗೇತಿ, ಇನ್ನ ಸಮುದ್ರ ಯಾಕ ಬೇ?” ಎಂದು ಕೂತಳು. ಮೇಲೆ ಹದಿನೆಂಟು ವರ್ಷದ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಭಾವನವರು ತೀರಿ ನಾಲ್ಕು ವರ್ಷ. “ಗಂಡ ಸತ್ತಾಕಿ ಹಡಗ ಹತ್ತತಾಳಂತ” ಎಂದು ಯಾರೋ ಅಂದದ್ದೂ ಅವಳ ಕಿವಿಗೆ ಬಿದ್ದಿತ್ತು. ಅದಕ್ಕೆಲ್ಲ ಉತ್ತರ ಕೊಡುತ್ತ ಕೂತರೆ ರೈಲು ತಪ್ಪುತ್ತದೆ. ನಾನು ಸುಮ್ಮನೆ ಅವಳ ಪೆಟ್ಟಿಗೆ ಇಳಿಸಿ ಧೂಳು ಒರೆಸಿದೆ.

ಮೊದಲು ಕಾಗದಪತ್ರ. ನಮ್ಮ ದೇಶದ ಬಂದರುಗಳ ನಡುವೆಯೇ ಹೋಗಿ ಬರುವುದಾದರೆ ಆಧಾರ್ ಕಾರ್ಡಿನಂಥ ಗುರುತಿನ ಚೀಟಿ ಬೇಕು, ಹೊರದೇಶಕ್ಕಾದರೆ ಪಾಸ್‌ಪೋರ್ಟು, ಲಕ್ಷದ್ವೀಪಕ್ಕೆ ಬೇರೆ ಪರವಾನಗಿ ಬೇಕು. ನಮ್ಮ ಕಡೆಯ ಹೆಂಗಸರ ತೊಡಕು ಹೆಸರಿನದು. ತವರಿನ ಹೆಸರೊಂದು, ಗಂಡನ ಮನೆಯ ಹೆಸರೊಂದು, ಅಡ್ಡಹೆಸರು ಇದ್ದರೆ ಇದ್ದೀತು, ಇಲ್ಲದಿದ್ದರೆ ಇಲ್ಲ. ಟಿಕೇಟಿನಲ್ಲೂ ಕಾರ್ಡಿನಲ್ಲೂ ಒಂದೇ ತರಹ ಇರುವಂತೆ ಟಿಕೇಟು ಮಾಡಿಸುವಾಗಲೇ ಮಗನಿಗೆ ಒತ್ತಿ ಹೇಳಿರಿ. ಅಕ್ಕನ ಕಾಗದಗಳ ವಿಷಯದಲ್ಲಿ ನಾನು ಹೇಳುವುದೇ ಬೇಕಾಗಲಿಲ್ಲ. ಹೊಳೆ ಬಂದ ಮೇಲೆ ಅವಳು ಒಂದು ಚೀಟಿಯನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕದೆ ಇಟ್ಟವಳಲ್ಲ. ಎರಡು ಪದರು ಸುತ್ತಿ, ಮೇಲೆ ರಬ್ಬರು ಹಾಕಿ, ಜೆರಾಕ್ಸ್ ಪ್ರತಿ ಬೇರೆ ಚೀಲದಲ್ಲಿ! ಇದಕ್ಕಿಂತ ಒಳ್ಳೆಯ ಪದ್ಧತಿ ನನಗೆ ಗೊತ್ತಿಲ್ಲ.

ಇನ್ನು ಔಷಧ. ಇದನ್ನು ಮಾತ್ರ ದೊಡ್ಡ ಪೆಟ್ಟಿಗೆಯಲ್ಲಿ ಇಡಲೇಬೇಡಿ. ಬಂದರಿನಲ್ಲೇ ದೊಡ್ಡ ಪೆಟ್ಟಿಗೆಗಳನ್ನು ತೆಗೆದುಕೊಂಡು, ತಪಾಸಣೆ ಮಾಡಿ, ಆಮೇಲೆ ನಿಮ್ಮ ಕೋಣೆಗೆ ತಲುಪಿಸುತ್ತಾರೆ; ಅದು ಬರುವಷ್ಟರಲ್ಲಿ ಸಂಜೆಯೇ ಆದೀತು. ಔಷಧ, ಕನ್ನಡಕ, ಕಾಗದಪತ್ರ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಬಳಸುತ್ತಿರುವುದು 30 ಡಿಗ್ರಿಯೊಳಗಿನ ಸಾಧಾರಣ ತಂಪಿನಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ಬಹಳ ತರಹದವಕ್ಕೆ ಇದೇ ಲೆಕ್ಕ. ನಿಮ್ಮದರ ಡಬ್ಬಿಯ ಮೇಲೆ ಒಮ್ಮೆ ಓದಿಕೊಳ್ಳಿ. ಬರ್ಫಕ್ಕೆ ತಾಗಿಸಿ ಇಡಬಾರದು, ಹೆಪ್ಪುಗಟ್ಟಿದರೆ ಚೆಲ್ಲಬೇಕು. ನಾನು ಅಗಲ ಬಾಯಿಯ ಥರ್ಮಾಸಿನಲ್ಲಿ ತಣ್ಣೀರು ಹಾಕಿ ತಂಪು ಮಾಡಿ, ನೀರು ಚೆಲ್ಲಿ, ಒರೆಸಿ, ಸೀಸೆಯನ್ನು ಅರಿವೆಯಲ್ಲಿ ಸುತ್ತಿ ಇಟ್ಟೆ. ರೈಲಿನ ಒಂದು ರಾತ್ರಿಗೆ ಅಷ್ಟು ಸಾಕಾಯಿತು. ಸಿರಿಂಜು ಇರುವುದರಿಂದ ಡಾಕ್ಟರ ಚೀಟಿ ಜೊತೆಗಿರಲಿ.

ಅಲೆಯ ಹೊಯ್ದಾಟಕ್ಕೆ ಹೊಟ್ಟೆ ತೊಳಸುವುದುಂಟು. ಅವೊಮಿನ್‌ನಂಥ ಗುಳಿಗೆಗಳನ್ನು ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ನುಂಗಿದರೆ ಅದೇ ಹೊರಗೆ ಬರುತ್ತದೆ. ನಿದ್ದೆ ತರುವ ಗುಳಿಗೆ ಅದು. ಬೇರೆ ಔಷಧ ನಡೆಯುತ್ತಿರುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಲಿ. ಇನ್ಸುಲಿನ್ ಚುಚ್ಚಿಕೊಂಡು ಊಟ ದಕ್ಕದೆ ಹೋದರೆ ಸಕ್ಕರೆ ಒಮ್ಮೆಲೇ ಇಳಿಯುತ್ತದೆ, ಅದೇ ನಿಜವಾದ ಅಪಾಯ. ಹಾಗಾಗಿ ಗ್ಲುಕೋಸ್ ಪುಡಿ, ನಾಲ್ಕು ಪೆಪ್ಪರಮಿಂಟು ಅಕ್ಕನ ಸೆರಗಿನ ತುದಿಯಲ್ಲೇ ಗಂಟು ಹಾಕಿಟ್ಟಿದ್ದೆ. ಕೋಣೆ ಆರಿಸಲು ಅವಕಾಶವಿದ್ದರೆ ಹಡಗಿನ ನಡುವಿನದು, ಕೆಳಗಿನ ಅಂತಸ್ತಿನದು ಕೇಳಿರಿ. ತೊಟ್ಟಿಲಿನ ನಡುಭಾಗ ಕಡಿಮೆ ತೂಗಿದ ಹಾಗೆ, ಅಲ್ಲಿ ಹೊಯ್ದಾಟ ಕಡಿಮೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅರಬ್ಬೀ ಸಮುದ್ರದ ಮುಖವೇ ಬೇರೆ. ದೀಪಾವಳಿ ಕಳೆದ ಮೇಲೆ ಹೋಗುವುದು ಒಳ್ಳೆಯದು. ನಾವು ಹೋದದ್ದು ಜನವರಿಯಲ್ಲಿ.

ಸೀರೆಗಳ ಮಾತು. ಹೆಚ್ಚು ಒಯ್ಯಬೇಡಿರಿ, ಕೋಣೆ ನಮ್ಮ ಅಡಿಗೆಮನೆಯಷ್ಟೂ ಇರುವುದಿಲ್ಲ. ಇಸ್ತ್ರಿ ಪೆಟ್ಟಿಗೆ, ಕರೆಂಟಿನ ಕೆಟಲ್ಲು, ಊದುಬತ್ತಿ, ಮೇಣದಬತ್ತಿ, ಚಾಕು ಒಯ್ಯಲು ಬಿಡುವುದಿಲ್ಲ. ನೀರಿನ ನಡುವೆಯೂ ಹಡಗಿನವರು ಅಂಜುವುದು ಬೆಂಕಿಗೇ! ಆದ್ದರಿಂದ ಮುದುಡಿದರೂ ಚಿಂತೆಯಿಲ್ಲದ ಸೀರೆಗಳೇ ಸರಿ. ನಮ್ಮ ಗಜೇಂದ್ರಗಡದ ಪಟ್ಟೆದಂಚು ಸೀರೆ ಇದಕ್ಕೆ ಹೇಳಿ ಮಾಡಿಸಿದ್ದು. ಹತ್ತಿಯದು, ಗಟ್ಟಿಮುಟ್ಟು, ಎರಡೂ ಮಗ್ಗುಲು ಉಡಬಹುದು. ಅಕ್ಕ ಬೂದು ಬಣ್ಣದವೆರಡನ್ನು ತೆಗೆದಿಟ್ಟಿದ್ದಳು. ನಾನು ಅವಳ ಟ್ರಂಕಿನ ತಳದಿಂದ, ಭಾವನವರು ತಂದುಕೊಟ್ಟಿದ್ದ ಹಳದಿ ಪಟ್ಟೆದಂಚನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟೆ. ನೋಡಿದಳು, ತೆಗೆಯಲಿಲ್ಲ. ಮೇಲಟ್ಟದಲ್ಲಿ ಗಾಳಿ ಸೆರಗನ್ನು ಹಾರಿಸಿಬಿಡುತ್ತದೆ. ಸೇಫ್ಟಿ ಪಿನ್ನು ಒಂದು ಡಜನ್ ಇರಲಿ. ಒಳಗೆ ಏಸಿ ಚಳಿಗೆ ಶಾಲು. ಜಾರದ ಚಪ್ಪಲಿ. ಹೊರಬಾಗಿಲುಗಳ ಕಬ್ಬಿಣದ ಹೊಸ್ತಿಲು ಎತ್ತರ, ಕಾಲೆತ್ತಿ ದಾಟಬೇಕು. ಗೋಡೆಗಳೂ ಕಬ್ಬಿಣದವೇ, ಆದ್ದರಿಂದ ಅಯಸ್ಕಾಂತದ ಕೊಕ್ಕೆ ಎರಡು ಒಯ್ದರೆ ಒದ್ದೆ ಟವೆಲು ತೂಗುಹಾಕಲು ಬರುತ್ತದೆ. ಒಂದು ಪ್ಲಾಸ್ಟಿಕ್ ತಂಬಿಗೆ ಮರೆಯಬೇಡಿ. ನಗಬೇಡಿ, ಬಕೀಟು ತಂಬಿಗೆ ಇಲ್ಲದ ಬಚ್ಚಲು ನಮಗೆ ಬಚ್ಚಲೆ? ಸಂಡಾಸಿನಲ್ಲಿ ಗಾಳಿ ಎಳೆದುಕೊಳ್ಳುವ ಸದ್ದಿಗೆ ಮಾತ್ರ ಮೊದಲ ಸಲ ಎದೆ ಝಲ್ಲೆನ್ನುತ್ತದೆ.

ತಿನಿಸಿನ ಬಗ್ಗೆ ಬಹಳ ಹೇಳುವುದಿಲ್ಲ. ಮನೆಯಲ್ಲಿ ಮಾಡಿದ್ದನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲವಾದ್ದರಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ರೈಲಿಗೆ ಮಾತ್ರ ಕಟ್ಟಿಕೊಳ್ಳಿ. ಗದಗಿನಿಂದ ಮುಂಬೈಗೆ ಹೋಗುವ ರೈಲು ವಿಜಯಪುರ ದಾಟುವಷ್ಟರಲ್ಲಿ ನಮ್ಮ ಗಂಟು ಖಾಲಿ. ಹಡಗಿನಲ್ಲಿ ಸಸ್ಯಾಹಾರಕ್ಕೆ ಕೊರತೆಯಿಲ್ಲ.

ಮೊಬೈಲಿನದು ಎಚ್ಚರಿಕೆಯ ವಿಷಯ. ದಂಡೆ ಮರೆಯಾದ ಮೇಲೆ ನಮ್ಮ ಸಿಗ್ನಲ್ಲು ಸಿಗದು; ಹಡಗಿನ ಉಪಗ್ರಹದ ಜಾಲಕ್ಕೆ ಫೋನು ತಾನಾಗಿ ಸೇರಿಕೊಂಡರೆ ಬಿಲ್ಲು ವಿಪರೀತ ಬಂದೀತು. ಹತ್ತಿದ ಕೂಡಲೆ ವಿಮಾನದ ಗುರುತಿನ ಗುಂಡಿ ಒತ್ತಿಬಿಡಿ. ಮನೆಯವರಿಗೆ ಮೊದಲೇ ಹೇಳಿರಿ, ಇಲ್ಲವಾದರೆ ಅವರು ಗಾಬರಿ.

ಹತ್ತಿದ ದಿನವೇ ಒಂದು ಕವಾಯತು ಇರುತ್ತದೆ. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು 32 ಜನ ಸತ್ತರು. ಆ ದಿನವೇ ಹತ್ತಿದ ಎಷ್ಟೋ ಪ್ರಯಾಣಿಕರಿಗೆ ಇನ್ನೂ ಕವಾಯತೇ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು. ಈಗ ಹಡಗು ಹೊರಡುವ ಮೊದಲೇ, ಇಲ್ಲವೆ ಹೊರಟ ಕೂಡಲೆ ಅದು ಆಗಬೇಕು. ಏಳು ಸಲ ಗಿಡ್ಡ, ಒಂದು ಸಲ ಉದ್ದ ಕೂಗು ಕೇಳಿದರೆ ಎಲ್ಲಿ ಸೇರಬೇಕೆಂದು ತೋರಿಸುತ್ತಾರೆ.

ಆ ಕೂಗು ಎದ್ದಾಗ ಅಕ್ಕ ನನ್ನ ಮುಂಗೈ ಹಿಡಿದದ್ದು ಬಳೆ ಒತ್ತಿ ಕೆಂಪಾಯಿತು. ತೇಲುವ ಅಂಗಿ ತೋರಿಸುತ್ತಿದ್ದ ಹುಡುಗನಿಗೆ ಕನ್ನಡ ಬಾರದು, ಅಕ್ಕನಿಗೆ ಹಿಂದಿ ಅಷ್ಟಕ್ಕಷ್ಟೆ. ಆದರೂ ಅವನಿಂದ ಎರಡು ಸಲ ಹಾಕಿಸಿಕೊಂಡು, ಪಟ್ಟಿ ತಾನೇ ಬಿಗಿದು, ದೋಣಿ ಯಾವುದು, ಮೆಟ್ಟಿಲು ಎಲ್ಲಿ ಎಂದು ನಡೆದು ನೋಡಿ ಬಂದಳು. ಕೋಣೆಗೆ ಬಂದು ಹಾಸಿಗೆಯ ಮೇಲೆ ಕೂತು ಅಂದಳು: “ಹೊಳಿ ಬಂದಾಗ ಎಲ್ಲಿ ನಿಂದರಬೇಕಂತ ನಮಗ ಯಾರೂ ಹೇಳಿರಲಿಲ್ಲ. ಇವರು ಮೊದಲ ಹೇಳ್ಯಾರ.” ಆ ರಾತ್ರಿ ಅವಳು ಗುಳಿಗೆಯಿಲ್ಲದೆ ಮಲಗಿದಳು. ನಾನೇ ಎಚ್ಚರ!

ಕೊನೆಯ ರಾತ್ರಿಯ ಒಂದು ಸಂಗತಿ ಉಳಿಯಿತು. ಇಳಿಯುವ ಹಿಂದಿನ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಬಾಗಿಲ ಹೊರಗಿಡಲು ಹೇಳುತ್ತಾರೆ. ಮುಂಜಾನೆ ಉಡುವ ಬಟ್ಟೆ, ಹಲ್ಲಿನ ಬ್ರಷ್ಷು, ಚಪ್ಪಲಿ, ಔಷಧ ತೆಗೆದಿಟ್ಟುಕೊಂಡೇ ಪೆಟ್ಟಿಗೆಗೆ ಬೀಗ ಹಾಕಿ. ಅಕ್ಕ ಬೂದು ಸೀರೆಗಳೆರಡನ್ನೂ ಪೆಟ್ಟಿಗೆಗೆ ಸೇರಿಸಿ, ಹಳದಿಯದನ್ನು ಕುರ್ಚಿಯ ಮೇಲೆ ಮಡಿಚಿಟ್ಟಳು. ಗೋವಾದಲ್ಲಿ ಉಟ್ಟದ್ದೇ ಅದು. ಮುಂಬೈಯಲ್ಲಿ ಇಳಿಯುವಾಗ ಇನ್ನೊಂದು ಮಗ್ಗುಲು ಹೊರಗೆ ಮಾಡಿ ಉಟ್ಟಳು.