ಚಾರ್ಮಾಡಿಯಲ್ಲಿ ಜಗ್ಗದ ನಟ್ಟು

ಟೈರ್ ಬದಲಿಸುವುದು ನನಗೆ ಮದುವೆಗೆ ಮುಂಚಿನಿಂದಲೂ ಗೊತ್ತು. ಅಪ್ಪ ಜೀಪು ಇಟ್ಟಿದ್ದವರು. ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಓಡಾಡುವವರಿಗೆ ಅದು ಅನ್ನ ಬಸಿದಷ್ಟೇ ಮಾಮೂಲಿ ಕೆಲಸ. ಸ್ಟೆಪ್ನಿಯಲ್ಲಿ ಗಾಳಿ ಇತ್ತು, ಜಾಕ್ ಇತ್ತು, ಟಾರ್ಚ್ ಇತ್ತು. ಇಷ್ಟೆಲ್ಲ ಇದ್ದೂ ಆ ಜುಲೈ ರಾತ್ರಿ ಚಾರ್ಮಾಡಿ ಘಾಟಿಯ ಮಳೆಯಲ್ಲಿ ನಾನು ಅಳುವುದೊಂದು ಬಾಕಿ.

ಮಂಗಳೂರಿನಲ್ಲಿ ಮಾವನವರ ಕಣ್ಣಿನ ಪೊರೆ ತೆಗೆಸಿಕೊಂಡು ವಾಪಸ್ ಬರುತ್ತಿದ್ದೆವು. ನನ್ನ ಗಂಡ ಊರಲ್ಲಿರಲಿಲ್ಲ, ಗಾಡಿ ನಾನೇ ಓಡಿಸುತ್ತಿದ್ದೆ. ಉಜಿರೆ ದಾಟುವಾಗಲೇ ಕತ್ತಲಾಯಿತು. ಘಾಟಿ ಏರುತ್ತಾ ಮಂಜು ಇಳಿಯಿತು. ಒಂದು ತಿರುವಿನಲ್ಲಿ ಎದುರಿಗೆ ಬಂದ ಬಸ್ಸಿಗೆ ಜಾಗ ಬಿಡಲು ಎಡಕ್ಕೆ ಎಳೆದುಕೊಂಡೆ. ಚರಂಡಿಯ ಅಂಚಿನ ಕಲ್ಲು ಮುಂದಿನ ಟೈರಿನ ಪಕ್ಕೆಯನ್ನು ಸೀಳಿಬಿಟ್ಟಿತು. ಮೊಳೆ ಹೊಕ್ಕ ಪಂಕ್ಚರ್ ಆಗಿದ್ದರೆ ಗಾಳಿ ಹೊಡೆಸಿಕೊಂಡು ಹೇಗೋ ಕೊಟ್ಟಿಗೆಹಾರ ಮುಟ್ಟಬಹುದಿತ್ತು. ಪಕ್ಕೆ ಹರಿದರೆ ಅಂಟು, ಬತ್ತಿ, ಕಿಟ್ಟು ಯಾವುದೂ ಕೆಲಸಕ್ಕೆ ಬಾರದು. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಇಲ್ಲದೆಯೂ ಕಾರು ಮಾರಬಹುದೆಂದು 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಅಂಥ ಕಾರಿನವರು ಅಲ್ಲಿ ನಿಂತಿದ್ದರೆ ಏನು ಮಾಡುತ್ತಿದ್ದರೋ!

ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲ. ಹೆದ್ದಾರಿಯ 1033 ಇದೆ, ತುರ್ತಿಗೆ 112 ಇದೆ, ಇನ್ಶೂರೆನ್ಸಿನವರ ಸಹಾಯವಾಣಿಯೂ ಇದೆ. ಯಾವುದಾದರೂ ಕಂಪನಿಯ ಒಂದು ಟವರಾದರೂ ಸಿಗದಿದ್ದರೆ ಈ ನಂಬರುಗಳೆಲ್ಲ ಬಾಯಿಪಾಠಕ್ಕಷ್ಟೇ.

ನಾಲ್ಕೂ ಇಂಡಿಕೇಟರ್ ಹಾಕಿ ಇಳಿದೆ. ಕೆಂಪು ತ್ರಿಕೋನವನ್ನು ಬಹಳ ಮಂದಿ ಗಾಡಿಯ ಹಿಂದೆ ಹತ್ತಡಿಯಲ್ಲಿ ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ತಿರುವಿನಲ್ಲಿ ಅದು ಇದ್ದೂ ಇಲ್ಲದಂತೆ. ನಾನು ತಿರುವಿನ ಆಚೆ, ಕೆಳಗಿನಿಂದ ಬರುವವರಿಗೆ ಮೊದಲೇ ಕಾಣುವ ಕಡೆ ಇಟ್ಟು, ಗಾಳಿಗೆ ಹಾರದಂತೆ ಅದರ ಕಾಲ ಮೇಲೆ ಕಲ್ಲು ಹೇರಿದೆ. ಲಾರಿಯವರು ಮಾಡುವಂತೆ ಮೇಲುಗಡೆ ಒಂದಷ್ಟು ಸೊಪ್ಪೂ ಮುರಿದು ಹಾಕಿದೆ. (ಲಾರಿಯವರು ಹೊರಡುವಾಗ ಕಲ್ಲುಗಳನ್ನು ಅಲ್ಲೇ ಬಿಟ್ಟುಹೋಗುತ್ತಾರೆ. ಅದನ್ನು ಮಾತ್ರ ಕಲಿಯಬಾರದು.)

ಜನ ಒಳಗಿರುವಾಗ ಗಾಡಿಗೆ ಜಾಕ್ ಕೊಡುವಂತಿಲ್ಲ. ಮಾವನವರ ಕಣ್ಣಿಗೋ ನೀರು ತಾಕಬಾರದು. ಡಿಕ್ಕಿಯಲ್ಲಿದ್ದ ಕಾಫಿ ಹರಡುವ ಟಾರ್ಪಾಲಿನ ತುಂಡನ್ನು ಕೊಪ್ಪೆಯಂತೆ ಹೊದೆಸಿ ರಸ್ತೆ ಪಕ್ಕದ ಮೋಟು ಗೋಡೆಯ ಮೇಲೆ ಕೂರಿಸಿದೆ. ಅವರು ಕೊಡೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಟಾರ್ಚ್ ಬಿಟ್ಟರು.

ನಮ್ಮದು ಮುಂದಿನ ಚಕ್ರಗಳೇ ಎಳೆಯುವ ಕಾರು. ಮುಂದಿನ ಒಂದು ಚಕ್ರ ಮೇಲೆದ್ದ ಕೂಡಲೇ ಗೇರು ಹಾಕಿದ್ದೂ ಹಾಕದಂತೆಯೇ. ಆಮೇಲೆ ಗಾಡಿಯನ್ನು ಹಿಡಿದಿರುವುದು ಹ್ಯಾಂಡ್ ಬ್ರೇಕ್ ಮತ್ತು ಹಿಂದಿನ ಚಕ್ರಗಳಿಗೆ ಕೊಟ್ಟ ಕಲ್ಲು ಮಾತ್ರ. ಏರಿನಲ್ಲಿ ನಿಂತಿದ್ದರಿಂದ ಎರಡೂ ಚಕ್ರಗಳ ಹಿಂಬದಿಗೆ ದಪ್ಪ ಕಲ್ಲು ಒದ್ದು ಕೂರಿಸಿದೆ. ಜಾಕ್ ಕೊಡುವ ಮೊದಲು, ಚಕ್ರ ನೆಲದಲ್ಲಿರುವಾಗಲೇ ನಟ್ಟು ಸಡಿಲಿಸಬೇಕು. ಪಾನಾ ಹಾಕಿ ಒತ್ತಿದೆ. ಜಗ್ಗಲಿಲ್ಲ. ಕಾಲಿಟ್ಟು ಒತ್ತಿದೆ. ಗಾಡಿ ಹಿಡಿದುಕೊಂಡು ಪಾನಾದ ಮೇಲೆ ಪೂರ್ತಿ ನಿಂತೇಬಿಟ್ಟೆ. ಅದು ಜಾರಿ ಮೊಣಕಾಲು ಡಾಂಬರಿಗೆ ಬಡಿಯಿತು. ಟಾರ್ಚಿನಲ್ಲಿ ನೋಡಿದರೆ ನಟ್ಟಿನ ಮೂಲೆ ಸವೆಯಲು ಶುರುವಾಗಿತ್ತು. ಇನ್ನೆರಡು ಸಲ ಹೀಗೇ ಜಾರಿದರೆ ಪಾನಾವೂ ಹಿಡಿಯುವುದಿಲ್ಲ.

ಸಣ್ಣ ಕಾರಿನ ನಟ್ಟಿಗೆ ಸುಮಾರು 100 ನ್ಯೂಟನ್ ಮೀಟರ್ ಬಿಗಿ ಸಾಕು. ಅಂದರೆ ಒಂದಡಿ ಉದ್ದದ ಪಾನಾದ ತುದಿಗೆ ಮೂವತ್ತಮೂರು ಕಿಲೋದಷ್ಟು ಭಾರ. ನಾನು ಅದಕ್ಕಿಂತ ಎಷ್ಟೋ ಹೆಚ್ಚು ತೂಗುತ್ತೇನೆ. ಮಳೆಗಾಲಕ್ಕೆ ಮುಂಚೆ ಟೈರ್ ಹಾಕಿಸಿದ ಅಂಗಡಿಯಲ್ಲಿ ಗಾಳಿಯ ಗನ್ನಿನಿಂದ ಟರ್ರ್ ಎಂದು ಹೊಡೆದು ಮುಗಿಸಿದ್ದರು. ಎಷ್ಟು ಬಿಗಿಯಾಯಿತೆಂದು ಗನ್ನು ಹಿಡಿದ ಹುಡುಗನಿಗೂ ಗೊತ್ತಿರಲಿಕ್ಕಿಲ್ಲ.

ಕೆಲವು ಕಾರುಗಳು ನಿಧಾನಿಸಿ ಮುಂದೆ ಹೋದವು. ತಪ್ಪೆನ್ನಲಾರೆ, ರಾತ್ರಿ ಘಾಟಿಯಲ್ಲಿ ನಿಲ್ಲಿಸಲು ನನಗೂ ಅಂಜಿಕೆಯೇ. ಒಬ್ಬ ಬಸ್ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, ಕೊಟ್ಟಿಗೆಹಾರ ಚೆಕ್‌ಪೋಸ್ಟಿನಲ್ಲಿ ಹೇಳುತ್ತೇನೆಂದರು. ಕಾಲಿಗೆ ಇಂಬಳ ಹತ್ತಿದ್ದು ಆ ಹೊತ್ತಿಗೆ ಗೊತ್ತಾಯಿತು. ಕಿತ್ತೆಸೆಯಲೂ ಮನಸ್ಸಿರಲಿಲ್ಲ. ಮೇಲಿನ ಗುಡ್ಡದಿಂದ ಸಣ್ಣ ಕಲ್ಲುಗಳು ಉದುರುವ ಸದ್ದು ಕೇಳುತ್ತಲೇ ಇತ್ತು. 2019ರ ಆಗಸ್ಟಿನಲ್ಲಿ ಇದೇ ಘಾಟಿ ಜರಿದು ರಸ್ತೆ ಮುಚ್ಚಿದ್ದನ್ನು ನೋಡಿದವಳು ನಾನು. ಮಾವ ಮಾತ್ರ, “ಹೆದರಬೇಡ ಮಗಾ, ಯಾರಾದ್ರೂ ಬರ್ತಾರೆ” ಅನ್ನುತ್ತಿದ್ದರು. ಅವರ ಕೈಯಲ್ಲಿ ಟಾರ್ಚಿನ ಬೆಳಕು ನಡುಗುತ್ತಿತ್ತು.

ಕೊನೆಗೆ ನಿಂತದ್ದು ತರಕಾರಿ ಹೊತ್ತು ಕೆಳಗಿಳಿಯುತ್ತಿದ್ದ ಪಿಕಪ್.

“ಎಂತ ಆಯ್ತಕ್ಕ? ಪಂಚರಾ?”

“ನಟ್ಟು ಬರ್ತಾ ಇಲ್ಲ ಮಾರಾಯ್ರೇ.”

ಆತ ಒಮ್ಮೆ ಒತ್ತಿ ನೋಡಿದ. “ಗನ್ನಲ್ಲಿ ಹೊಡ್ದದ್ದಲ್ವಾ? ಇದು ಬರೀ ಪಾನಾಕ್ಕೆ ಬಗ್ಗುದಿಲ್ಲ” ಎಂದವನೇ ಸೀಟಿನ ಹಿಂದಿನಿಂದ ಮೂರಡಿ ಕಬ್ಬಿಣದ ಪೈಪ್ ತಂದು ಪಾನಾದ ಹಿಡಿಕೆಗೆ ತೊಡಿಸಿದ. ಉದ್ದ ಮೂರು ಪಟ್ಟಾದರೆ ಬೇಕಾಗುವ ಬಲ ಮೂರರಲ್ಲಿ ಒಂದು ಪಾಲು. ನಟ್ಟುಗಳು ಟಕ್, ಟಕ್ ಎಂದು ಒಂದೊಂದಾಗಿ ಬಿಟ್ಟವು. ಮೂಲೆ ಸವೆದಿದ್ದು ಮಾತ್ರ ಕೀರಲು ದನಿ ತೆಗೆದು ಕೊನೆಗೆ ತಿರುಗಿತು. ಜಾಕ್ ಮಣ್ಣಿಗೆ ಇಳಿಯತೊಡಗಿದಾಗ ಅವನೇ ತರಕಾರಿ ಕ್ರೇಟಿನ ಹಲಗೆ ಮುರಿದು ಅಡಿಗೆ ಕೊಟ್ಟ. ಆಮೇಲಿನದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಕೈ ತೊಳೆಯಲು ಬಾಟಲಿ ಕೊಡಹೋದರೆ ನಕ್ಕು ಮಳೆಗೆ ಕೈಯೊಡ್ಡಿದ.

ಈಗ ನನ್ನ ಡಿಕ್ಕಿಯಲ್ಲಿ ಪ್ಲಸ್ ಪಾನಾ, ಅದಕ್ಕೆ ತೂರುವ ಪೈಪು, ಒಂದು ದಪ್ಪ ಹಲಗೆ ಖಾಯಂ ಇವೆ. ಕಾರಿನೊಂದಿಗೆ ಬರುವ ಗಿಡ್ಡ ಪಾನಾವನ್ನು ನಂಬಿ ಯಾರೂ ಘಾಟಿ ಹತ್ತಬಾರದು ಎನ್ನುವುದು ನನ್ನ ಖಂಡಿತ ಅಭಿಪ್ರಾಯ. ಮುಂದಿನ ಸಲ ಟೈರ್ ಅಂಗಡಿಗೆ ಹೋದಾಗ ಗನ್ನಿನಿಂದ ನಟ್ಟು ಕೂರಿಸಲಿ, ಕೊನೆಯ ಬಿಗಿ ಮಾತ್ರ ಅಳತೆಯ ಪಾನಾದಿಂದ ಕೈಯಲ್ಲೇ ಕೊಡಲಿ ಎಂದು ಕೇಳಿ. ಅಲ್ಲಿಂದ ಹೊರಡುವ ಮೊದಲು ನಿಮ್ಮದೇ ಪಾನಾ ಹಾಕಿ ಒಂದು ನಟ್ಟನ್ನು ನೀವೇ ಸಡಿಲಿಸಿ ನೋಡಿ, ಮತ್ತೆ ಬಿಗಿ ಮಾಡಿಸಿ. ಬರದಿದ್ದರೆ ಆ ಹುಡುಗನ ಕೈಯಲ್ಲೇ ಬಿಚ್ಚಿಸಿ ಹೊಸದಾಗಿ ಹಾಕಿಸಿ. ಅವನು ಗೊಣಗಿದರೆ ಗೊಣಗಲಿ.