ಕೆರೆಯ ದಂಡೆ ಯಾರದು?

ದಾವಣಗೆರೆಯ ಹೆಸರಿನಲ್ಲೇ ಕೆರೆ ಇದೆ. ಆದರೆ ಮಂಡಕ್ಕಿ ಬಟ್ಟಿಗಳ ಹೊಗೆಯ ಮಗ್ಗುಲಲ್ಲಿ ಬೆಳೆದ ನಮಗೆ, ಮನೆಮಂದಿಯೆಲ್ಲ ಸೇರಿ ಕೆರೆಯ ದಂಡೆಯಲ್ಲಿ ಕಾಲು ಚಾಚಿ ಕೂರುವುದು ಸುಲಭಕ್ಕೆ ಸಿಗುವ ಭಾಗ್ಯವಲ್ಲ. ಹೆಂಗಸರು ಹೊಸ್ತಿಲು ದಾಟುವುದೆಂದರೆ ಮದುವೆಗೆ, ಉರೂಸಿಗೆ, ಇಲ್ಲವೇ ಆಸ್ಪತ್ರೆಗೆ. ಕಾರಣವೇ ಇಲ್ಲದೆ ಹೋಗಿ ಬರಬಹುದಾದ ಜಾಗವೆಂದು ನಮಗೆ ಗೊತ್ತಿರುವುದು ಕೊಂಡಜ್ಜಿಯೊಂದೇ.

ಹರಿಹರ ತಾಲ್ಲೂಕಿನ ಈ ಊರಿನಲ್ಲಿ ಒಂದು ಕೆರೆಯಿದೆ, ಕುರುಚಲು ಕಾಡಿನ ಗುಡ್ಡವಿದೆ, ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ಕೇಂದ್ರವಿದೆ. ರಾಜ್ಯದಲ್ಲಿ ಸ್ಕೌಟ್ ಚಳವಳಿಯನ್ನು ಬೆಳೆಸಿದ ಕೊಂಡಜ್ಜಿ ಬಸಪ್ಪನವರ ಹೆಸರಿನಲ್ಲಿರುವುದೂ ಇದೇ ಊರು. ಬೆಂಗಳೂರಿನ ಅರಮನೆ ರಸ್ತೆಯ ಸ್ಕೌಟ್ ಸಭಾಂಗಣಕ್ಕೂ ಅವರ ಹೆಸರಿದೆ.

1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದಾಗ ಜೊತೆಗಿದ್ದವರು ಸುಮಾರು 20 ಹುಡುಗರು. ಸಿರಿವಂತರ ಶಾಲೆಗಳಲ್ಲಿ ಓದುತ್ತಿದ್ದವರನ್ನೂ ದುಡಿಯುವವರ ಮಕ್ಕಳನ್ನೂ ಅವರು ಬೇಕೆಂದೇ ಕೂಡಿಸಿದ್ದರು. ಒಂದೇ ಒಲೆ, ಒಂದೇ ಊಟ. ಇಂದಿಗೂ ಶಿಬಿರದ ನಿಜವಾದ ಪಾಠ ಇದೇ ಎಂದು ನಮಗನಿಸುತ್ತದೆ.

ನಮ್ಮ ಮನೆಯ ಹುಡುಗಿಗೆ ಗೈಡ್ಸ್ ಶಿಬಿರದ ಕರೆ ಬಂದಾಗ ಬಡೀ ಅಮ್ಮಾ ಒಪ್ಪಲಿಲ್ಲ. “ವಯಸ್ಸಿಗೆ ಬಂದ ಹುಡುಗೀನ ರಾತ್ರಿ ಹೊತ್ತು ಕೆರೆ ಹತ್ರ ಬಿಡ್ತೀರಾ?” ಎಂದರು. ಅವಳ ತಾಯಿ ರೊಟ್ಟಿ ಬೇಯಿಸುತ್ತಲೇ, “ಟೀಚರ್ ಇರ್ತಾರೆ ಬಡೀ ಅಮ್ಮಾ, ಸಂಗಡ ಹುಡುಗೀರೂ ಇರ್ತಾರೆ. ನಾವು ಕಾಣದ್ದನ್ನ ಅವಳಾದ್ರೂ ಕಾಣ್ಲಿ” ಎಂದಳು. ಹುಡುಗಿ ಹೋದಳು. ಹಗ್ಗದ ಗಂಟುಗಳನ್ನು, ಮೂರು ಕಲ್ಲಿನ ಒಲೆ ಹೂಡುವುದನ್ನು ಕಲಿತು ಬಂದಳು. “ರಾತ್ರಿ ಕೆರೆಯೊಳಗೂ ನಕ್ಷತ್ರ ಕಾಣ್ತವೆ ಅಮ್ಮಿ” ಎಂದು ಹೇಳಿದವಳು, ಮುಂದಿನ ಭಾನುವಾರ ಎಲ್ಲರನ್ನೂ ಹೊರಡಿಸಿದಳು. ಬಡೀ ಅಮ್ಮಾ ಕೂಡ ಆಟೋ ಹತ್ತಿದರು.

ಮರದ ಕೆಳಗೆ ದಸ್ತರ್‌ಖಾನ್ ಹಾಸಿ ಬಿರಿಯಾನಿಯ ಡಬ್ಬಿ ಬಿಚ್ಚಿದೆವು. ಪಕ್ಕದಲ್ಲಿ ಕೂತಿದ್ದ ಕುಟುಂಬದವರು ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಟ್ಟರು. ಅವರಿಗೆ ನಾವು ಶೀರ್‌ಖುರ್ಮಾ ಕೊಟ್ಟೆವು. ಬಡೀ ಅಮ್ಮಾ ಚಪ್ಪಲಿ ಕಳಚಿ ನೀರಿಗೆ ಕಾಲು ಇಳಿಬಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಅಷ್ಟರಲ್ಲಿ ಆಚೆ ಬಂಡೆಯ ಮೇಲೆ ಬಾಟಲಿಗಳು ತೆರೆದುಕೊಂಡವು. ಯಾರೂ ನಮಗೆ ಏನೂ ಅನ್ನಲಿಲ್ಲ. ಆದರೂ ಎರಡೂ ಕುಟುಂಬಗಳ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಡಬ್ಬಿಗಳನ್ನು ಕಟ್ಟಿದರು. ಅಸರ್ ಹೊತ್ತಿಗೆ ನಾವು ರಸ್ತೆಯ ಮೇಲಿದ್ದೆವು.

ನಂದಿ ಬೆಟ್ಟದ ತಪ್ಪಲಲ್ಲಿ, ವಿಜಯಪುರದ ಕಡೆ ದ್ರಾಕ್ಷಿಯ ತೋಟಗಳಿವೆ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೇ ತಂದಿತು. ತೋಟ ನೋಡುವುದು, ವೈನಿನ ರುಚಿ ನೋಡುವುದು ಈಗ ಪ್ರವಾಸದ ಒಂದು ಬಗೆ. ಉರ್ದು ಶಾಲೆಯಲ್ಲಿ ಗಜಲ್ ಓದಿದ ನಮಗೆ ಶರಾಬು, ಸಾಕಿ ಎಂಬ ಮಾತುಗಳು ಹೊಸವಲ್ಲ. ಅವು ಕಾವ್ಯದಲ್ಲಿ ಚೆಂದ. ನಮ್ಮ ಭದ್ರಾ ಕಾಲುವೆಯ ಸೀಮೆಯಲ್ಲಿ ಬೆಳೆಯುವುದು ಭತ್ತ. ದ್ರಾಕ್ಷಿ ಇಲ್ಲದಿದ್ದರೂ ಬಾಟಲಿಗೆ ಬರವಿಲ್ಲ. ಒಡೆದ ಗಾಜು ಚುಚ್ಚುವಾಗ ಕಾಲು ಯಾವ ಧರ್ಮದವರದು ಎಂದು ಕೇಳುವುದಿಲ್ಲ.

‘ಕುಟುಂಬ ಸಮೇತ ಬನ್ನಿ’ ಎಂದು ಬೋರ್ಡು ಬರೆಸುವುದು ಸುಲಭ. ಹೆಂಗಸರಿಗೆ ಬಾಗಿಲಿರುವ ಶೌಚಾಲಯ, ಕುಡಿಯುವ ನೀರು, ಕತ್ತಲಾಗುವ ಮುನ್ನ ಒಂದು ದೀಪ, ಊರಿಗೆ ಮರಳಲು ಒಂದು ಬಸ್ಸು, ಬಾಟಲಿಯಿಲ್ಲದ ದಂಡೆ: ಇಷ್ಟಿದ್ದರೆ ಬೋರ್ಡೇ ಬೇಡ. ಗುಂಪಾಗಿ ಬಂದು ಕುಡಿಯುವ ಗಂಡಸರಿಗೆ ಕೆರೆ ಇಡೀ ದಿನ ತೆರೆದಿರುತ್ತದೆ. ಜೀವನವೆಲ್ಲ ಒಲೆಯ ಮುಂದೆ ಕಳೆದ ಮುದುಕಿಗೆ ಅದು ಅಸರ್‌ವರೆಗೆ ಮಾತ್ರವೇಕೆ? ಹುಡುಗಿ ಕಂಡ ನಕ್ಷತ್ರಗಳನ್ನು ಬಡೀ ಅಮ್ಮಾ ಇನ್ನೂ ಕಂಡಿಲ್ಲ.